ಏರಿಯ ಹಿಂದೆ ಒಂದು ಲೋಟ ನೀರು

ನಮ್ಮೂರ ಕೆರೆ ಕೋಡಿ ಬಿದ್ದರೆ ಮೊದಲು ಗೊತ್ತಾಗುವುದು ಚುರುಮುರಿ ಗಾಡಿಯವನಿಗೆ. ಅವನ ಹಿಂದೆ ಕಬ್ಬಿನ ಹಾಲಿನ ಮೆಷಿನ್ನು, ಅದರ ಹಿಂದೆ ಬೈಕುಗಳ ಸಾಲು. ಹೋದ ಸಲ ಕಡೂರಿನಿಂದ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು ಬಂದಿತ್ತು. ಹುಡುಗಿ ಹಾಕಿದ್ದ ಬ್ಲೌಸ್ ನಾನೇ ಹೊಲಿದದ್ದು. ಅದು ಕೋಡಿ ಕಲ್ಲಿನ ಮೇಲೆ ನೆನೆದು ಮುದ್ದೆಯಾಗುತ್ತಿದ್ದುದನ್ನು ನೋಡಿ ಹೊಟ್ಟೆ ಉರಿಯಿತು. ಮೂರು ದಿನದ ಕೈಕೆಲಸ ರೀ ಅದು.

ನಾನು ಕಡೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ತವರು ಸಖರಾಯಪಟ್ಟಣದ ಕಡೆ, ದೊಡ್ಡ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ. ಊರ ಹೆಸರು ಬೇಡ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ. ನಮ್ಮಪ್ಪ ಆ ಕೆರೆಯ ನೀರಗಂಟಿ, ಅಂದರೆ ಕೆರೆ ಕಾಯುವವನು, ತೂಬು ಎತ್ತಿ ಗದ್ದೆಗೆ ನೀರು ಬಿಡುವವನು. ಅವನಪ್ಪನೂ ನೀರಗಂಟಿ.

ಕೋಡಿ ನೋಡಲು ಬಂದವರೆಲ್ಲ ನೀರಿಗೆ ಮುಖ ಮಾಡಿ ನಿಲ್ಲುತ್ತಾರೆ. ತಪ್ಪೇನಿಲ್ಲ. ಮೂರು ನಾಲ್ಕು ವರ್ಷ ಒಣಗಿ ಬಾಯಿ ಬಿಟ್ಟ ಕೆರೆ ತುಂಬಿದಾಗ ನನಗೂ ಕಣ್ಣು ತುಂಬುತ್ತೆ. ಬರಗಾಲದ ಪಟ್ಟಿ ಅಂದರೆ ಕಡೂರು ತಾಲ್ಲೂಕಿಗೆ ಅದು ಪರ್ಮನೆಂಟ್ ವಿಳಾಸ. ಅದೇ ಜಿಲ್ಲೆಯ ಮೂಡಿಗೆರೆ, ಶೃಂಗೇರಿಯವರು ಸಾಕಪ್ಪಾ ಮಳೆ ಅನ್ನುವ ಹೊತ್ತಿಗೆ ನಾವು ಮೋಡ ಎಣಿಸುತ್ತಾ ಕೂತಿರುತ್ತೇವೆ. ಅಪ್ಪ ಮಾತ್ರ ಕೆರೆ ತುಂಬಿದ ದಿನ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಅವನ ಕಣ್ಣೆಲ್ಲ ಏರಿಯ ಹಿಂಬದಿ ಮೇಲೆ, ಅಚ್ಚುಕಟ್ಟಿನ ಕಡೆ ಇಳಿಯುವ ಇಳಿಜಾರಿನ ಮೇಲೆ.

ಸ್ಕೂಲಿಗೆ ರಜೆ ಇದ್ದ ದಿನ ಅವನ ಬುತ್ತಿ ಒಯ್ಯುವ ಕೆಲಸ ನನ್ನದು. ಎರಡು ಮುದ್ದೆ, ಹುರುಳಿ ಸಾರು, ಒಂದು ಈರುಳ್ಳಿ. ಏರಿ ಮೇಲೆ ನಡೆದು ಹೋದರೆ ಬೈಗುಳ. "ಹಿಂದ್ಗಡೆಯಿಂದ ಬಾ, ಬರ್ತಾ ಕಾಲಿಗೆ ಏನು ತಂಪಾಯ್ತು ಹೇಳು" ಅನ್ನುತ್ತಿದ್ದ. ಏಳೆಂಟು ವರ್ಷದ ಹುಡುಗಿಗೆ ಅದು ಆಟ. ಹುಣಸೆಮರದ ನೇರಕ್ಕೆ ಬಂದಾಗ ಅಂಗಾಲು ಒದ್ದೆ, ತೂಬಿನ ಹತ್ತಿರ ಪಾದ ಹೂತುಕೊಳ್ಳುತ್ತೆ, ಭೂತಪ್ಪನ ಕಲ್ಲಿನ ಹತ್ತಿರ ಒಣ. ನಾನು ಹೇಳಿದ್ದನ್ನು ಕೇಳಿಸಿಕೊಂಡೇ ಅವನು ಬುತ್ತಿ ಬಿಚ್ಚುತ್ತಿದ್ದುದು. ಅವನ ಮೀಟರ್ ರೀಡಿಂಗ್ ನನ್ನ ಕಾಲು ಅನ್ನುವುದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ನೀರಗಂಟಿಗೆ ಸಂಬಳ ಇರಲಿಲ್ಲ, ಆಯ ಇತ್ತು. ಸುಗ್ಗಿಯಲ್ಲಿ ಕಣ ಕಣಕ್ಕೂ ಹೋಗಿ ಮೊರದಲ್ಲಿ ಕಾಳು ಅಳೆಸಿಕೊಂಡು ಬರಬೇಕು. ಕೆಲವು ಮನೆಗಳಲ್ಲಿ ಜಗುಲಿ ಹತ್ತುವಂತಿರಲಿಲ್ಲ. ಅದೇ ಮನೆಯ ಯಜಮಾನ ಎಂಥ ದೊಡ್ಡವನೇ ಆಗಲಿ, ಅಪ್ಪನಿಲ್ಲದೆ ತೂಬಿಗೆ ಕೈ ಹಾಕುವಂತೆಯೂ ಇರಲಿಲ್ಲ. ಎರಡು ಕಲ್ಲುಕಂಬದ ನಡುವೆ ಗಳು ಹಿಡಿದು ಬಿರಡೆ ಎತ್ತುವಾಗ ಅಪ್ಪನ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ಜಗುಲಿ ಕೆಳಗೆ ನಿಂತಾಗ ಆ ಮುಖ ಎಲ್ಲಿ ಹೋಗುತ್ತಿತ್ತೋ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ, ಬಂತು, ಇರಲಿ.

ಮಣ್ಣಿನ ಏರಿ ಅಂದಮೇಲೆ ಅದು ಬೆವರಲೇಬೇಕು ಅನ್ನುತ್ತಿದ್ದ ಅಪ್ಪ. ಮುಂದೆ ಅಷ್ಟು ನೀರು ನಿಂತಿರುವಾಗ ಹಿಂದೆ ಒಂದಿಷ್ಟು ಜಿನುಗದೆ ಇದ್ದರೇ ಆಶ್ಚರ್ಯ. ಬೆವರಿದರೆ ಹೆದರಿಕೆ ಇಲ್ಲ, ರಕ್ತ ಬಂದರೆ ಹೆದರಬೇಕು. ನಮ್ಮ ಕಡೆಯದು ಕೆಮ್ಮಣ್ಣು, ಅದಕ್ಕೇ ರಕ್ತ ಅನ್ನುವ ಮಾತು. ಜಿನುಗು ತಿಳಿಯಾಗಿದ್ದರೆ ಬರೀ ನೀರು ಬರುತ್ತಿದೆ ಅಂತ ಅರ್ಥ. ಕೆಂಪಗಿದ್ದರೆ ಏರಿಯ ಹೊಟ್ಟೆಯೊಳಗಿನ ಮಣ್ಣನ್ನು ನೀರು ಹೊತ್ತು ತರುತ್ತಿದೆ. ಇವತ್ತು ಕಡ್ಡಿಯಷ್ಟು ದಾರಿ, ನಾಳೆ ಬೆರಳಷ್ಟು, ನಾಳಿದ್ದು ತೋಳಷ್ಟು. ದಾರಿ ಅಗಲವಾದಷ್ಟೂ ನೀರಿಗೆ ರಭಸ, ರಭಸ ಹೆಚ್ಚಿದಷ್ಟೂ ದಾರಿ ಅಗಲ. ಕೊನೆಗೆ ಮೇಲಿನ ಮಣ್ಣು ಕುಸಿಯುತ್ತೆ, ಆಮೇಲೆ ಮಾತಿಲ್ಲ. ಜೋರು ಮಳೆಯ ರಾತ್ರಿ ಅಪ್ಪ ಲಾಟೀನು, ಒಂದು ಹಿತ್ತಾಳೆ ಲೋಟ ಹಿಡಿದು ಹೋಗುತ್ತಿದ್ದ. ಜಿನುಗು ನೀರನ್ನು ಲೋಟಕ್ಕೆ ಹಿಡಿದು, ಒಂದು ಬೀಡಿ ಸೇದಿ ಮುಗಿಸುವವರೆಗೆ ಪಕ್ಕಕ್ಕಿಟ್ಟು, ಆಮೇಲೆ ತಳಕ್ಕೆ ಬೆರಳಾಡಿಸುತ್ತಿದ್ದ. ಬೆರಳಿಗೆ ಮಣ್ಣು ಹತ್ತದಿದ್ದರೆ ಮನೆಗೆ ಬಂದು ಮಲಗುತ್ತಿದ್ದ.

ಏರಿ ಮೇಲೆ ಗರಿಕೆ ಹುಲ್ಲು ಇರಲಿ ಅನ್ನುತ್ತಿದ್ದವನು ಹೊಂಗೆ ಸಸಿ ಕಂಡರೆ ಕಿತ್ತೆಸೆಯುತ್ತಿದ್ದ. ಮರ ನೆಟ್ಟರೆ ಪುಣ್ಯ ಅನ್ನುವ ಮೇಷ್ಟ್ರುಗಳಿಗೆ ಇದು ಅರ್ಥವಾಗುತ್ತಿರಲಿಲ್ಲ. ಮರ ಬದುಕಿರುವಾಗ ಬೇರು ಏರಿಯೊಳಗೆ ಇಳಿಯುತ್ತೆ, ಸತ್ತಮೇಲೆ ಬೇರು ಕೊಳೆತು ಅದೇ ಜಾಗದಲ್ಲಿ ಕೊಳವೆ ಉಳಿಯುತ್ತೆ. ಹೆಗ್ಗಣದ ತೋಡು, ಏಡಿ ಬಿಲ, ಗೆದ್ದಲ ಹುತ್ತ, ಎಲ್ಲದರ ಲೆಕ್ಕವೂ ಅವನ ತಲೆಯಲ್ಲಿತ್ತು. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯಲ್ಲಿ ತಿವರೆ ಅನ್ನುವ ಮಣ್ಣಿನ ಅಣೆಕಟ್ಟು ರಾತ್ರೋರಾತ್ರಿ ಒಡೆದು ಜನ ಕೊಚ್ಚಿಹೋದರಲ್ಲ, ಆಗ ಅಲ್ಲಿನ ಮಂತ್ರಿಯೊಬ್ಬರು ಏಡಿಗಳಿಂದ ಹೀಗಾಯಿತು ಅಂದಿದ್ದರು. ಇಡೀ ದೇಶ ನಕ್ಕಿತು. ಅಪ್ಪ ಬದುಕಿದ್ದರೆ ಏಡಿ ಅಂದಿದ್ದಕ್ಕೆ ನಗುತ್ತಿರಲಿಲ್ಲ. ಏಡಿ ಬಿಲ ತೋಡುವಾಗ ಏರಿ ಹಿಂದೆ ತಿರುಗಾಡುತ್ತಿದ್ದವರು ಯಾರು, ಅವರ ಹೆಸರು ಹೇಳಿ ಅನ್ನುತ್ತಿದ್ದ.

ಎಲ್ಲಕ್ಕಿಂತ ಅವನಿಗೆ ಭಯವಿದ್ದದ್ದು ತೂಬಿನ ಜಾಗದ ಮೇಲೆ. ಏರಿಯ ಅಡಿಯಲ್ಲಿ ಕಲ್ಲಿನ ಕಾಲುವೆ ತೂರಿಕೊಂಡು ಹೋಗುತ್ತದಲ್ಲ, ಅಲ್ಲಿ ಕಲ್ಲಿಗೂ ಮಣ್ಣಿಗೂ ಎಷ್ಟು ಬಡಿದು ಕೂರಿಸಿದರೂ ಪೂರ್ತಿ ಹೊಂದಿಕೆ ಆಗುವುದಿಲ್ಲ. ನಾನು ಹೊಲಿಗೆ ಕಲಿತಮೇಲೆ ಇದು ನನಗೆ ಸಲೀಸಾಗಿ ತಲೆಗೆ ಹತ್ತಿತು. ಬಟ್ಟೆ ನಡುವೆ ಹರಿಯುವುದು ಅಪರೂಪ. ಜಗ್ಗಿದಾಗ ಬಿಡುವುದು ಹೊಲಿಗೆ. ಅದರಲ್ಲೂ ಎರಡು ಬೇರೆ ಬೇರೆ ಬಟ್ಟೆ ಸೇರಿಸಿ ಹೊಲಿದ ಕಡೆ, ರೇಷ್ಮೆಗೆ ಕಾಟನ್ ಲೈನಿಂಗ್ ಕೊಟ್ಟ ಕಡೆ. ಒಂದು ಹಿಗ್ಗುತ್ತೆ, ಇನ್ನೊಂದು ಹಿಗ್ಗಲ್ಲ.

ನಮ್ಮದು ಚಿಕ್ಕ ಕೆರೆ. ದೊಡ್ಡದು ನೋಡಬೇಕಾದರೆ ಶಕುನಗಿರಿ ಬುಡದ ಅಯ್ಯನಕೆರೆಗೆ ಹೋಗಬೇಕು. ಸಖರಾಯಪಟ್ಟಣದ ರುಕ್ಮಾಂಗದರಾಯ ಕಟ್ಟಿಸಿದ್ದು ಅನ್ನುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದರ ಏರಿಯನ್ನು ಗಟ್ಟಿ ಮಾಡಿಸಿದರು. ಕಟ್ಟಿಸಿದವನ ಹೆಸರಿನ ಜೊತೆ ರಿಪೇರಿ ಮಾಡಿಸಿದ ಇಸವಿಯೂ ಉಳಿದುಕೊಂಡಿರುವುದು ನನಗೆ ಇಷ್ಟ. ಈಗಿನ ಕಲ್ಲುಹಲಗೆಗಳಲ್ಲಿ ಉದ್ಘಾಟಕರ ಹೆಸರು ಮಾತ್ರ ಇರುತ್ತೆ. ನಮ್ಮ ಸೀಮೆಯ ಕೆರೆಗಳು ಒಂಟಿಯಾಗಿಲ್ಲ, ಮಣಿಸರದ ಹಾಗೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ, ಕೊನೆಗೆ ವೇದಾವತಿಗೆ, ಅಲ್ಲಿಂದ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿಗೆ. ಜೋರು ಮಳೆ ಬಿದ್ದಾಗ ಪ್ರತಿ ಕೆರೆಯೂ ಪ್ರವಾಹದ ಒಂದೊಂದು ತುತ್ತು ನುಂಗಿ, ಉಳಿದದ್ದನ್ನು ನಿಧಾನಕ್ಕೆ ಕೆಳಗೆ ಬಿಡುತ್ತೆ. ಆದರೆ ಸರದಲ್ಲಿ ಒಂದು ಮಣಿ ಒಡೆದರೆ ಅದರ ನೀರೆಲ್ಲ ಒಟ್ಟಿಗೆ ಕೆಳಗಿನದರ ಎದೆ ಮೇಲೆ ಬೀಳುತ್ತೆ.

2022ರ ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಆಗಸ್ಟ್ ಕೊನೆ. ಬಾಗಿನದ ಮೊರ ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಸ್ ಇಳಿದೆ, ಅಂಥ ಮಳೆ. ಅಪ್ಪ ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಆಮೇಲೆ ನೀರಗಂಟಿ ಅಂತ ಯಾರೂ ಆಗಲಿಲ್ಲ. ತಮ್ಮ ಅಡಿಕೆ ಹಾಕಿಕೊಂಡಿದ್ದಾನೆ, ಅವನಿಗೆ ಬೋರು ಇದೆ, ತೂಬು ಯಾರಿಗೆ ಬೇಕು.

ಗಣಪತಿ ಹಬ್ಬದ ಮಾರನೇ ದಿನ ಬೆಳಗಿನ ಜಾವ ಮಳೆ ಹೊಳವಾಗಿತ್ತು. ಚಪ್ಪಲಿ ಬಿಟ್ಟು ಏರಿ ಹಿಂದೆ ಹೋದೆ. ಅಭ್ಯಾಸ, ಅಷ್ಟೇ. ಲಂಟಾನ ಮೆಳೆಯ ನಡುವೆ ದಾರಿ ಮಾಡಿಕೊಂಡು ತೂಬಿನ ಹತ್ತಿರ ಬಂದಾಗ ಮೊದಲು ಕಿವಿಗೆ ಬಿತ್ತು, ಸಣ್ಣಗೆ ಪಾಯಸ ಕುದಿಯುವ ಸದ್ದು. ಬಗ್ಗಿ ನೋಡಿದರೆ ಕಾಲುವೆಯ ಕಲ್ಲಿಗೆ ಒತ್ತಿಕೊಂಡಂತೆ ನೆಲದಲ್ಲಿ ಒಂದು ಬುಗ್ಗೆ. ಅದರ ಸುತ್ತ ಇರುವೆ ಗೂಡಿನ ಬಾಯಿಗೆ ಇರುತ್ತದಲ್ಲ, ಅಂಥ ನುಣ್ಣನೆಯ ಮಣ್ಣಿನ ಉಂಗುರ, ತಟ್ಟೆಯಷ್ಟು ಅಗಲ. ನಾನು ನೋಡುತ್ತಿದ್ದ ಹಾಗೇ ನೀರು ಒಂದೊಂದು ಕಣ ಮಣ್ಣನ್ನು ಎತ್ತಿ ಆ ಉಂಗುರದ ಮೇಲೆ ಇಡುತ್ತಿತ್ತು, ತುಂಬಾ ಜೋಪಾನವಾಗಿ. ಮನೆಗೆ ಓಡಿ ಕೈಗೆ ಸಿಕ್ಕ ಸ್ಟೀಲ್ ಲೋಟ ತಂದೆ. ಹಿಡಿದು ಪಕ್ಕಕ್ಕಿಟ್ಟೆ. ಬೀಡಿ ಸೇದುವಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲಿತ್ತು! ತಳದಲ್ಲಿ ಕೆಂಪು ಗಸಿ, ಉಗುರು ಮುಳುಗುವಷ್ಟು.

ತಮ್ಮನನ್ನು ಎಬ್ಬಿಸಿದೆ. ಅವನು ನಾಲ್ಕು ಹುಡುಗರನ್ನು ಎಬ್ಬಿಸಿದ. ಹುಡುಗರು ಬಂದವರೇ ಸಿಮೆಂಟ್ ಜೆಲ್ಲಿ ಕಲಸಿ ಬಾಯಿ ಮುಚ್ಚೋಣ ಅಂದರು. ಅಪ್ಪನ ಜೊತೆ ಓಡಾಡಿದ್ದ ಮುದುಕರೊಬ್ಬರು ಉಳಿದಿದ್ದಾರೆ, ಅವರು ಕೋಲು ನೆಲಕ್ಕೆ ಕುಟ್ಟಿ ಬೇಡ ಅಂದರು. ಹೊರಗಿನ ಬಾಯಿ ಮುಚ್ಚಿದರೆ ಒಳಗಿನ ನೀರು ಸುಮ್ಮನಿರಲ್ಲ, ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತೆ. ನೀರು ಬರಲಿ, ಮಣ್ಣು ಬರದ ಹಾಗೆ ಮಾಡಬೇಕು. ಕಾಫಿ ಸೋಸಿದ ಹಾಗೆ. ಮೊದಲು ಮರಳು, ಅದರ ಮೇಲೆ ಸಣ್ಣ ಜೆಲ್ಲಿ, ಅದರ ಮೇಲೆ ದಪ್ಪ ಜೆಲ್ಲಿ, ಸುತ್ತಲೂ ಬಾವಿಕಟ್ಟೆಯ ಹಾಗೆ ಮರಳಿನ ಚೀಲ. ಕಟ್ಟೆಯೊಳಗೆ ಒಂದಿಷ್ಟು ನೀರು ನಿಂತರೆ ಅದರ ಭಾರವೇ ಬುಗ್ಗೆಯನ್ನು ತಡೆಯುತ್ತೆ.

ಮರಳು ಎಲ್ಲಿಂದ? ಹಳ್ಳದ ಮರಳು ಯಾವತ್ತೋ ಖಾಲಿ. ಊರ ಬಾಗಿಲಲ್ಲಿ ಒಬ್ಬರು ಮನೆ ಕಟ್ಟಿಸುತ್ತಿದ್ದರು, ಮುಂದೆ ಎರಡು ಲೋಡು ರಾಶಿ ಇತ್ತು. ಕೇಳದೆ ತುಂಬಿದೆವು. ಆ ಯಜಮಾನರು ಬನಿಯನ್‌ನಲ್ಲಿ ಓಡಿ ಬಂದು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಬೈಯುತ್ತಲೇ ಅವರೂ ಒಂದು ಚೀಲ ಹೊತ್ತರು.

ಇನ್ನು ಕೋಡಿಯ ವಿಷಯ. ಊರ ಹೆಸರು ಹೇಳಲ್ಲ ಅಂದಿದ್ದು ಇದಕ್ಕೇ.

ಹಳೇ ಕೋಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಕಲ್ಲುಗಳಿವೆ, ಹಲ್ಲಿನ ಹಾಗೆ. ಅದೇನು ಅಲಂಕಾರವಲ್ಲ. ಮಳೆಗಾಲದ ಕೊನೆಯಲ್ಲಿ ಆ ಹಲ್ಲುಗಳ ಸಂದಿಗೆ ಮಣ್ಣು, ಹುಲ್ಲಿನ ಹೆಪ್ಪು ತುಂಬಿ ಒಂದಿಷ್ಟು ಹೆಚ್ಚು ನೀರು ನಿಲ್ಲಿಸಿಕೊಳ್ಳುತ್ತಿದ್ದರು. ಅಕಸ್ಮಾತ್ ದೊಡ್ಡ ಮಳೆ ಬಂದರೆ ಆ ಮಣ್ಣನ್ನು ಕಿತ್ತುಹಾಕುತ್ತಿದ್ದರು. ಕೀಳಲು ಯಾರೂ ಇಲ್ಲದಿದ್ದರೆ ನೀರೇ ಕೊಚ್ಚಿಕೊಂಡು ಹೋಗುತ್ತಿತ್ತು. ಮಣ್ಣಿಗೆ ಆ ಮರ್ಯಾದೆ ಇತ್ತು, ಸೋಲಬೇಕಾದಾಗ ಸೋಲುತ್ತಿತ್ತು. ಆ ವರ್ಷ ಜುಲೈನಲ್ಲೇ ನಮ್ಮವರು ಆ ಸಂದಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳಲ್ಲಿ ಮಣ್ಣು ತುಂಬಿ, ತಂತಿ ಬಿಗಿದು, ಒಂದೂವರೆ ಅಡಿ ಎತ್ತರ ಪೇರಿಸಿದ್ದರು. ಅದು ಕೊಚ್ಚಿಹೋಗುವ ಮಾತೇ ಇಲ್ಲ. ಮುಂದೆ ನಿಂತು ಪೇರಿಸಿದವನು ನನ್ನ ತಮ್ಮ, ನೀರಗಂಟಿಯ ಮಗ.

"ಒಂದೂವರೆ ಅಡಿ ಅಂದ್ರೆ ಏನು ಅಂತ ಗೊತ್ತೇನಕ್ಕಾ? ಬೇಸಿಗೆಗೆ ಬೋರು ಬತ್ತದ ಹಾಗೆ ಕಾಯೋ ನೀರು ಅದು. ಅಡಿಕೆ ಒಣಗಿದ್ರೆ ನೀನು ಬಂದು ಹೊಲಿದು ಕೊಡ್ತೀಯಾ?"

ಅವನ ಮಾತಲ್ಲೂ ನ್ಯಾಯ ಇತ್ತು. ಮೂರು ವರ್ಷಕ್ಕೊಮ್ಮೆ ತುಂಬುವ ಕೆರೆ ಇಟ್ಟುಕೊಂಡವರಿಗೆ ಹರಿದು ಹೋಗುವ ನೀರು ಕಂಡರೆ ಹಣ ಹರಿದು ಹೋದ ಹಾಗೆ. ಆದರೆ ಏರಿಯ ಮೇಲ್ತುದಿಗೂ ನೀರಿಗೂ ಆಗ ಉಳಿದಿದ್ದದ್ದು ನನ್ನ ಮೊಣಕೈ ಉದ್ದ. ಮಣ್ಣಿನ ಏರಿಯ ನೆತ್ತಿ ಮೇಲೆ ನೀರು ಹತ್ತಿ ಇಳಿದರೆ ಏರಿ ಇರುವುದಿಲ್ಲ, ಅದಕ್ಕಾಗಿಯೇ ಕೋಡಿ ಇಡುವುದು. ನಾನು ಲೋಟ ಅವನ ಮುಂದೆ ಹಿಡಿದೆ. ಮಾತಾಡಲಿಲ್ಲ. ಅವನು ತಳಕ್ಕೆ ಬೆರಳಾಡಿಸಿದ, ಥೇಟ್ ಅಪ್ಪನ ಹಾಗೆ. ಆಮೇಲೆ ಕಟಿಂಗ್ ಪ್ಲೇಯರ್ ತರಲು ಮನೆ ಕಡೆ ಹೊರಟ.

ಚೀಲ ಕೀಳಲು ಮಧ್ಯಾಹ್ನದವರೆಗೆ ಹಿಡಿಯಿತು. ಇಬ್ಬರು ರೈತರು ಇವತ್ತಿಗೂ ನಮ್ಮ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ. ಬುಗ್ಗೆ ಅವತ್ತೇ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಮೂರನೇ ದಿನದ ಲೋಟ ತಿಳಿಯಾಗಿತ್ತು. ಅದೇ ವಾರ ಟಿವಿಯಲ್ಲಿ ಮಾರಿಕಣಿವೆ ಕೋಡಿ ಬಿದ್ದ ಸಂಭ್ರಮ. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ 89 ವರ್ಷಕ್ಕೆ ಇದು ಎರಡನೇ ಸಲ. ಹಿರಿಯೂರಿನವರು ಕುಣಿಯುತ್ತಿದ್ದರು. ತಮ್ಮ ಮುದ್ದೆ ಮುರಿಯುತ್ತಾ, "ನನ್ನ ಒಂದೂವರೆ ಅಡೀನೂ ಅದರಲ್ಲಿ ಐತೆ" ಅಂದ.

ಆಮೇಲೆ ಅಧಿಕಾರಿಗಳು ಬಂದರು. ಯಾವ ಇಲಾಖೆ ಅಂತ ಬೇಡ. ಫೋಟೊ ತೆಗೆದರು, ಅಳೆದರು. ಮುಂದಿನ ವರ್ಷ ಕೆರೆಗೆ ದುಡ್ಡು ಬಂತು ಅಂತ ಸುದ್ದಿ. ನಾನು ತೂಬಿನ ಹೊಲಿಗೆ ಬಿಚ್ಚಿ ಸರಿ ಮಾಡುತ್ತಾರೆ ಅಂದುಕೊಂಡೆ. ಅವರು ಏರಿ ಮೇಲೆ ಇಂಟರ್‌ಲಾಕ್ ಟೈಲ್ಸ್ ಹಾಸಿದರು. ವಾಕಿಂಗ್ ಪಾತ್. ಹನ್ನೆರಡು ಬೆಂಚು, ಎಲ್ಲವೂ ನೀರಿಗೆ ಮುಖ ಮಾಡಿ. ದೀಪದ ಕಂಬಕ್ಕೆ ಏರಿಯ ನೆತ್ತಿಯಲ್ಲೇ ಗುಂಡಿ. ಇಳಿಜಾರಿನಲ್ಲಿ ಸಾಲಾಗಿ ಗುಲ್‌ಮೊಹರ್ ಸಸಿ! ತೂಬಿನ ಜಾಗಕ್ಕೆ ಸಿಕ್ಕಿದ್ದು ಒಂದು ಕೋಟ್ ಪ್ಲಾಸ್ಟರ್. ಕೇಳಿದರೆ ಅದು ಎಸ್ಟಿಮೇಟ್‌ನಲ್ಲಿ ಇಲ್ಲಮ್ಮ ಅಂದರು. ಹರಿದ ಕಂಕುಳಿಗೆ ಮೇಲಿಂದ ಜರಿ ಅಂಟಿಸಿದ ಹಾಗೆ.

ಪಾತ್ ಬೇಡ ಅಂತಲ್ಲ. ಅಮ್ಮನಿಗೆ ಮಂಡಿ ನೋವು, ಸಂಜೆ ಅಲ್ಲೇ ಹತ್ತು ಹೆಜ್ಜೆ ಹಾಕಿ ಬೆಂಚಿನ ಮೇಲೆ ಕೂರುತ್ತಾಳೆ. ಊರಿನ ಹೆಂಗಸರಿಗೆ ಕೂತು ಮಾತಾಡಲು ಗುಡಿ ಕಟ್ಟೆ ಬಿಟ್ಟರೆ ಬೇರೆ ಜಾಗ ಎಲ್ಲಿತ್ತು. ಗುಲ್‌ಮೊಹರ್ ಸಸಿಗಳು ಮಾತ್ರ ಒಂದೊಂದಾಗಿ ಒಣಗಿದವು. ಯಾರು ಕಿತ್ತರು ಅಂತ ನನ್ನನ್ನು ಕೇಳಬೇಡಿ.

ತಮ್ಮನ ದೊಡ್ಡ ಮಗ ಈಗ ಅಮೆರಿಕದ ಒಕ್ಲಹಾಮದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹೋದ ತಿಂಗಳು ಒಂದು ಫೋಟೊ ಕಳಿಸಿ, "ಅತ್ತೆ, ಇದು ನಮ್ಮ ಕೆರೆ ಥರಾನೇ ಇದೆ" ಅಂದ. ನೋಡಿದರೆ ಹೌದು, ಮಣ್ಣಿನ ಏರಿ, ಹಿಂದೆ ನೀರು, ದಡದಲ್ಲಿ ಗಾಳ ಹಾಕಿ ಕೂತವರು. ಪ್ರವಾಹ ತಡೆಯಲು ಅಂತ ಹಳ್ಳಗಳಿಗೆ ಅಡ್ಡ ಕಟ್ಟಿದ್ದಂತೆ. ಆ ಥರದ್ದರಲ್ಲಿ ಅವರ ದೇಶಕ್ಕೇ ಮೊದಲನೆಯದು ಆ ರಾಜ್ಯದ ಕಾರ್ಡೆಲ್ ಅನ್ನುವ ಊರಿನ ಹತ್ತಿರ 1948ರಲ್ಲಿ ಆದದ್ದು. ಈಗ ಆ ಒಂದು ರಾಜ್ಯದಲ್ಲೇ 2,000ಕ್ಕಿಂತ ಹೆಚ್ಚು ಇವೆ. ನೀರಿನ ನಡುವೆ ಜಾಲರಿ ಹಾಕಿದ ಒಂದು ಕಾಂಕ್ರೀಟ್ ಗೂಡು ನಿಂತಿರುತ್ತೆ, ನೀರು ಅದರ ಬಾಯಿಗೆ ಬಂದರೆ ಒಳಗೆ ಬಿದ್ದು ಏರಿಯ ಅಡಿಯ ಪೈಪಿನಲ್ಲಿ ನಿಧಾನಕ್ಕೆ ಆಚೆ ಹೋಗುತ್ತೆ. ಪಕ್ಕದಲ್ಲಿ ಹಸು ಮೇಯಿಸುವ ಬಯಲಿನ ಹಾಗೆ ಒಂದು ಅಗಲವಾದ ಹುಲ್ಲಿನ ಇಳಿಜಾರು. ಅದೇ ಅವರ ಕೋಡಿ. ಎಷ್ಟೋ ವರ್ಷ ಅದರ ಮೇಲೆ ಒಂದು ಹನಿ ನೀರೂ ಹರಿಯುವುದಿಲ್ಲವಂತೆ.

ನನಗೆ ಅರ್ಥವಾಗದೆ ಇದ್ದದ್ದು, ಅಷ್ಟು ದೊಡ್ಡ ಏರಿ ಕಟ್ಟಿ ನೀರು ಮಾತ್ರ ತಳದಲ್ಲಿ ಇಟ್ಟುಕೊಂಡಿದ್ದಾರಲ್ಲ ಅನ್ನುವುದು. ಮೇಲಿನ ಖಾಲಿ ಜಾಗ ಪ್ರವಾಹಕ್ಕೆ ಮೀಸಲು ಅತ್ತೆ, ಅಂದ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಬರುವ ನೀರಿಗೆ. ನಮ್ಮ ಕಡೆ ಖಾಲಿ ಕೆರೆ ನೋಡಿದರೆ ಕರುಳು ಚುರುಕ್ ಅನ್ನುತ್ತೆ. ಖಾಲಿ ಇಡಲೆಂದೇ ಕಟ್ಟುತ್ತಾರೆ ಅಂದರೆ ನನ್ನ ತಮ್ಮ ಅಂಥವರನ್ನು ಹುಚ್ಚರು ಅನ್ನುತ್ತಾನೆ. ಅಂದ ಕೂಡ. ಆಮೇಲೆ ಫೋಟೊ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿ, "ಏರಿ ಮೇಲೆ ಒಂದು ಮರಾನೂ ಬಿಟ್ಟಿಲ್ಲ ನೋಡು" ಅಂದ. ಹುಲ್ಲನ್ನು ಮೆಷಿನ್ ಹಾಕಿ ಒಪ್ಪವಾಗಿ ಕತ್ತರಿಸಿದ್ದರು, ನೆತ್ತಿಯಿಂದ ಬುಡದವರೆಗೆ. ಏಡಿ ಬಿಲ ಇದ್ದರೆ ರಸ್ತೆಯಿಂದಲೇ ಕಾಣಬೇಕು, ಹಾಗೆ.

ನಮ್ಮ ಕೆರೆಗೆ ಈಗ ಅಧಿಕೃತವಾಗಿ ಯಾರೂ ಇಲ್ಲ. ಕುಡಿಯುವ ನೀರಿನ ವಾಲ್ವ್ ತಿರುಗಿಸುವ ಹುಡುಗ ಒಬ್ಬನಿದ್ದಾನೆ, ಬೆಳಿಗ್ಗೆ ಏರಿ ದಾಟಿಯೇ ಟ್ಯಾಂಕಿಗೆ ಹೋಗುತ್ತಾನೆ. ಅವನ ಮದುವೆಗೆ ಹೆಣ್ಣಿನ ಕಡೆಯ ಆರು ಬ್ಲೌಸ್ ಪುಕ್ಕಟೆ ಹೊಲಿದುಕೊಟ್ಟೆ. ಬದಲಿಗೆ ಒಂದೇ ಒಂದು ಕೆಲಸ ಕೇಳಿದೆ. ಕೆರೆಯಲ್ಲಿ ನೀರಿರುವಷ್ಟು ದಿನ ವಾರಕ್ಕೊಮ್ಮೆ, ಮಳೆ ಇದ್ದರೆ ದಿನಾ, ತೂಬಿನ ಹಿಂದಿನ ಜಿನುಗಿನಲ್ಲಿ ಒಂದು ಲೋಟ ಹಿಡಿದು, ಹತ್ತು ನಿಮಿಷ ಬಿಟ್ಟು, ತಳ ಕಾಣುವ ಹಾಗೆ ಫೋಟೊ ತೆಗೆದು ವಾಟ್ಸಾಪ್ ಮಾಡು. ಅವನು ಮೊದಲು ನಕ್ಕ. ಈಗ ನಾನು ಕೇಳದೆಯೇ ಕಳಿಸುತ್ತಾನೆ. ಗಾಜಿನ ಲೋಟ ಬೇಕು, ಚೆನ್ನಾಗಿ ಕಾಣುತ್ತೆ ಅಂತ ಅವನೇ ಹೇಳಿ ಅಂಗಡಿಯಿಂದ ಒಂದು ಟೀ ಗ್ಲಾಸ್ ಇಸಕೊಂಡು ಹೋದ.

ಇವತ್ತಿನ ಫೋಟೊ ಏಳು ಗಂಟೆಗೆ ಬಂತು. ಹಿಂದೆ ಮಸುಕಾಗಿ ಕೋಡಿಯ ಕಡೆ ಹೋಗುತ್ತಿರುವ ಬೈಕುಗಳು. ಗ್ಲಾಸಿನಲ್ಲಿ ಒಂದು ಇರುವೆ ತೇಲುತ್ತಿತ್ತು. ನೀರು ತಿಳಿ.